ಒಂದೆಲಗ, ನೀರುಬ್ರಾಹ್ಮಿ, ಬಜೆ: ಮಿದುಳಿಗೆ ಹಿತವೆಷ್ಟು, ಅಪಾಯವೆಷ್ಟು?

ಮಗು ಚೂಟಿಯಾಗಬೇಕು, ಮಾತು ಸ್ಪಷ್ಟವಾಗಬೇಕು, ಓದಿದ್ದು ನೆನಪಿನಲ್ಲಿ ಉಳಿಯಬೇಕು ಎಂಬುದು ಎಲ್ಲ ತಂದೆತಾಯಿಯರ ಹಂಬಲ. ಈ ಹಂಬಲದಿಂದಲೇ ಹಸುಗೂಸಿಗೆ ಬಜೆ ತೇಯ್ದು ನೆಕ್ಕಿಸುವುದು, ಶಾಲೆಯ ಮಕ್ಕಳಿಗೆ ಒಂದೆಲಗದ ರಸ ಕುಡಿಸುವುದು ನಮ್ಮಲ್ಲಿ ರೂಢಿಯಾಗಿದೆ. ಈಗ ಅಂಗಡಿಗಳಲ್ಲಿ ಬ್ರಾಹ್ಮಿಯ ಮಾತ್ರೆ, ಟಾನಿಕ್ಕುಗಳೂ ದೊರೆಯುತ್ತವೆ. ಹುಲಿಕುಂಟೆಯ ಕಡೆಯ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯ ದಂಪತಿಗಳು ಇವುಗಳ ಗುಣವನ್ನೂ ದೋಷವನ್ನೂ ತಿಳಿದಿರುವುದು ಅವಶ್ಯಕ.

ಗಿಡಗಳನ್ನು ಗುರುತಿಸಿರಿ

‘ಬ್ರಾಹ್ಮಿ’ ಎಂಬ ಒಂದೇ ಹೆಸರಿನಿಂದ ಎರಡು ಬೇರೆ ಬೇರೆ ಗಿಡಗಳನ್ನು ಕರೆಯುವುದುಂಟು. ಕೆರೆಯಂಗಳ, ಕಾಲುವೆಯಂಚು, ಅಡಿಕೆ ತೋಟಗಳ ತೇವದಲ್ಲಿ ಹಬ್ಬಿ, ಒಂದೊಂದು ತೊಟ್ಟಿಗೆ ಒಂದೊಂದು ದುಂಡನೆಯ ಎಲೆ ಬಿಡುವುದು ಒಂದೆಲಗ. ಕರಾವಳಿಯವರು ಇದನ್ನೇ ತಿಮರೆ ಎನ್ನುವರು. ಚಿಕ್ಕ ಚಿಕ್ಕ ದಪ್ಪ ಎಲೆಗಳೂ ಬಿಳಿ ಅಥವಾ ತಿಳಿ ನೇರಳೆ ಹೂಗಳೂ ಇರುವುದು ನೀರುಬ್ರಾಹ್ಮಿ. ಬಜೆಯು ಇವೆರಡಕ್ಕೂ ಸಂಬಂಧವಿಲ್ಲದ, ಕಟುವಾಸನೆಯ ಬೇರುಗಡ್ಡೆ. ಒಂದರ ಗುಣವನ್ನು ಇನ್ನೊಂದಕ್ಕೆ ಹೇಳಲಾಗದು.

ಪ್ರಯೋಜನವೆಷ್ಟು?

ನೀರುಬ್ರಾಹ್ಮಿಯಲ್ಲಿ ಬಾಕೊಸೈಡ್ ಎಂಬ ಸತ್ತ್ವಗಳಿವೆ. 2001ರಲ್ಲಿ ಆಸ್ಟ್ರೇಲಿಯದಲ್ಲಿ 46 ಮಂದಿ ಆರೋಗ್ಯವಂತ ವಯಸ್ಕರ ಮೇಲೆ ಪರೀಕ್ಷೆ ನಡೆಯಿತು. ಅವರಲ್ಲಿ ಕೆಲವರಿಗೆ ದಿನಕ್ಕೆ 300 ಮಿಲಿಗ್ರಾಂ ಸಾರವನ್ನು, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆಯನ್ನು ಕೊಡಲಾಯಿತು. 12 ವಾರಗಳ ನಂತರ ಸಾರ ಸೇವಿಸಿದವರ ಕಲಿಕೆಯಲ್ಲಿ ಸ್ವಲ್ಪ ಸುಧಾರಣೆ ಕಂಡಿತು. 2014ರಲ್ಲಿ 518 ಜನರನ್ನೊಳಗೊಂಡ ಒಂಬತ್ತು ಪರೀಕ್ಷೆಗಳನ್ನು ಕೂಡಿಸಿ ನೋಡಿದಾಗ, ಗಮನದ ಚುರುಕುತನ ಸ್ವಲ್ಪ ಹೆಚ್ಚಿದುದು ತಿಳಿದುಬಂದಿತು. ಎಂದರೆ, ಗುಣವುಂಟು, ಆದರೆ ಅದು ಅಲ್ಪ, ವಾರಗಟ್ಟಲೆ ಸೇವಿಸಿದ ಮೇಲೆ ಕಾಣುವಂಥದು. ಮಂದಬುದ್ಧಿಯನ್ನಾಗಲಿ ಮೂರ್ಛೆರೋಗವನ್ನಾಗಲಿ ಇದು ಗುಣಪಡಿಸುವುದಿಲ್ಲ.

ಒಂದೆಲಗವನ್ನು ತಂಬುಳಿ, ಚಟ್ನಿಗಳಲ್ಲಿ ಸೊಪ್ಪಿನಂತೆ ಮಿತವಾಗಿ ಬಳಸಬಹುದು. ಚರಂಡಿ ನೀರು ಹರಿಯುವ ಅಥವಾ ಕೀಟನಾಶಕ ಸಿಂಪಡಿಸಿದ ಜಾಗದ ಸೊಪ್ಪನ್ನು ಕೀಳಬಾರದು. ಕಿತ್ತದ್ದನ್ನು ಹಲವು ಸಲ ಶುದ್ಧ ನೀರಿನಲ್ಲಿ ತೊಳೆಯಬೇಕು.

ಅಪಾಯಗಳು

ನೀರುಬ್ರಾಹ್ಮಿಯ ಮಾತ್ರೆಯಿಂದ ಕೆಲವರಿಗೆ ವಾಕರಿಕೆ, ಹೊಟ್ಟೆನುಲಿತ, ಭೇದಿ ಉಂಟಾಗುತ್ತವೆ. ಅರ್ಜೆಂಟೀನಾ ದೇಶದಲ್ಲಿ ಒಂದೆಲಗದ ಸಿದ್ಧೌಷಧವನ್ನು 20ರಿಂದ 60 ದಿನ ಸೇವಿಸಿದ ಮೂವರು ಹೆಂಗಸರಿಗೆ ಕಾಮಾಲೆಯಾದ ಸಂಗತಿ 2005ರಲ್ಲಿ ಪ್ರಕಟವಾಯಿತು. ಸೇವನೆ ನಿಲ್ಲಿಸಿದ ಮೇಲೆ ಅವರು ಚೇತರಿಸಿಕೊಂಡರು. ಆದುದರಿಂದ ಯಕೃತ್ತಿನ ಕಾಯಿಲೆ ಇರುವವರು ಇದರ ಮಾತ್ರೆಯನ್ನು ಸೇವಿಸತಕ್ಕದ್ದಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ, ಇವುಗಳನ್ನು ನಂಬಿ ಮೂರ್ಛೆರೋಗದ ಮಾತ್ರೆಯನ್ನು ನಿಲ್ಲಿಸುವುದು. ಹಾಗೆ ಥಟ್ಟನೆ ನಿಲ್ಲಿಸಿದರೆ ಸೆಳವು ಮೇಲಿಂದ ಮೇಲೆ ಬಂದು ಪ್ರಾಣಕ್ಕೇ ಸಂಚಕಾರವಾಗಬಹುದು. ಗರ್ಭಿಣಿಯೂ ವೈದ್ಯರನ್ನು ಕೇಳದೆ ಆ ಮಾತ್ರೆಯನ್ನು ಬಿಡಬಾರದು.

ಹಸುಗೂಸಿಗೆ ಬಜೆ ಬೇಡ

ಬಜೆಯಲ್ಲಿ ಬೀಟಾ-ಅಸರೋನ್ ಎಂಬ ವಸ್ತುವಿದೆ. ಬಜೆಯ ಎಣ್ಣೆಯನ್ನು ತಿನ್ನಿಸಿದ ಇಲಿಗಳ ಕರುಳಿನಲ್ಲಿ ಗಡ್ಡೆಗಳು ಕಂಡ ಕಾರಣ, ಅಮೆರಿಕ ದೇಶವು 1968ರಲ್ಲಿ ಆಹಾರದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ತೇಯುವ ಕಲ್ಲು, ನೀರು, ಬೆರಳುಗಳ ಕೊಳೆಯಿಂದ ಕೂಸಿಗೆ ಭೇದಿಯೂ ತಗಲುತ್ತದೆ. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು. ನೀರು, ಜೇನು, ಬಜೆ ಯಾವುದೂ ಬೇಡ. ಮಾತು ತಡವಾದ ಮಗುವಿನ ಕಿವಿ ಕೇಳಿಸುವುದೋ ಇಲ್ಲವೋ ಎಂಬುದನ್ನು ಮೊದಲು ಪರೀಕ್ಷಿಸಬೇಕು. ಬಜೆ ನೆಕ್ಕಿಸುತ್ತ ಕಾಯುವ ತಿಂಗಳುಗಳು ಆ ಮಗುವಿಗೆ ನಷ್ಟ.

ಮಿದುಳಿಗೆ ನಿಜವಾದ ಆಸರೆ

1. ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ ಶಿಶುವಿನ ಮಿದುಳುಬಳ್ಳಿಯ ನಳಿಕೆ ಮುಚ್ಚಿಕೊಳ್ಳುತ್ತದೆ. ಆ ವೇಳೆಗೆ ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿ ಎಂಬುದೇ ತಿಳಿದಿರುವುದಿಲ್ಲ. ಆದುದರಿಂದ ಮಗು ಬೇಕೆಂದು ನಿಶ್ಚಯಿಸಿದಾಗಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ಆರಂಭಿಸಬೇಕು.

2. ನಾಲ್ಕನೆಯ ತಿಂಗಳಿನಿಂದ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ, ಸರ್ಕಾರ ಉಚಿತವಾಗಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ಸೇವಿಸಬೇಕು.

3. ಅಯೋಡಿನ್ ಕೊರತೆಯಿಂದ ಮಕ್ಕಳ ಬುದ್ಧಿಯ ಬೆಳವಣಿಗೆ ಕುಂಠಿತವಾಗುತ್ತದೆ. ಅಯೋಡಿನ್ ಬೆರೆಸಿದ ಉಪ್ಪನ್ನೇ ಕೊಂಡು ಮುಚ್ಚಳದ ಡಬ್ಬಿಯಲ್ಲಿಡಬೇಕು.

4. ಆರು ತಿಂಗಳು ತುಂಬಿದ ಮಗುವಿಗೆ ತಾಯಿಹಾಲಿನ ಜೊತೆಗೆ ರಾಗಿ ಸರಿ, ಬೇಳೆ, ಸೊಪ್ಪು, ಅನುಕೂಲವಿದ್ದರೆ ಮೊಟ್ಟೆ ಕೊಡಬೇಕು. ಟಾನಿಕ್ಕಿನ ಹಣ ಇದಕ್ಕೆ ಸಲ್ಲಲಿ.

5. ಮಗುವಿನೊಡನೆ ಮಾತನಾಡಿರಿ, ಆಡಿರಿ, ಕಥೆ ಹೇಳಿರಿ. ಇದು ತಂದೆಯ ಕರ್ತವ್ಯವೂ ಹೌದು.

ನೆನಪಿಡಿ

ಗಿಡಮೂಲಿಕೆಯಾದ ಮಾತ್ರಕ್ಕೆ ನಿರಪಾಯವೆಂದು ತಿಳಿಯಬಾರದು. ಗರ್ಭಿಣಿಯರೂ ಎದೆಹಾಲೂಡುವ ತಾಯಂದಿರೂ ಬ್ರಾಹ್ಮಿಯ ಮಾತ್ರೆಯನ್ನು ತಾವಾಗಿಯೇ ಸೇವಿಸಬಾರದು. ಯಾವುದೇ ಮೂಲಿಕೆಯನ್ನು ಸೇವಿಸುತ್ತಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬೇಡಿರಿ. ಕೇಳಿದರೆ ಗದರುತ್ತಾರೆಂಬ ಅಳುಕು ಬೇಡ. ಸಂಶಯವಿದ್ದಲ್ಲಿ ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಇಲ್ಲವೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಪತಿಪತ್ನಿಯರಿಬ್ಬರೂ ಕೂಡಿ ಬನ್ನಿರಿ.