ಯಾವ ತಳಿ ಎಂಬುದು ಮೂರನೆಯ ಪ್ರಶ್ನೆ

ಪ್ರಶ್ನೆ: ಡಾಕ್ಟ್ರೇ, ನಮಗೆ ಇಬ್ಬರು ಮಕ್ಕಳು. ಮಗಳಿಗೆ ಏಳು ವರ್ಷ, ಮಗನಿಗೆ ಎರಡೂವರೆ. ನಾಯಿಮರಿ ಬೇಕೆಂದು ಮಗಳು ಹಠ ಹಿಡಿದಿದ್ದಾಳೆ. ನಾವಿರುವುದು ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಹಗಲು ಮಕ್ಕಳ ಜೊತೆ ಅತ್ತೆ ಇರುತ್ತಾರೆ. ನಮ್ಮ ಯಜಮಾನರಿಗೆ ಹಸ್ಕಿಯ ಆಸೆ, ನನಗೆ ಪಗ್ ಸಾಕು ಅನ್ನಿಸುತ್ತದೆ, ಮೈದುನ ಲ್ಯಾಬ್ರಡಾರ್ ಬಿಟ್ಟು ಬೇರೆ ಯೋಚನೆಯೇ ಬೇಡ ಎನ್ನುತ್ತಾನೆ. ಯಾವುದನ್ನು ತರೋಣ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಮನೆಯವರೆಲ್ಲರ ಆಸೆಯೂ ಇದೆ, ಅತ್ತೆಯವರದ್ದೊಂದು ಬಿಟ್ಟು. ಹಗಲಿಡೀ ನಾಯಿಯ ಜೊತೆ ಇರಬೇಕಾದವರು ಅವರೇ. ಎಂಟು ವಾರದ ಮರಿ ಒಂದೆರಡು ಗಂಟೆಗೊಮ್ಮೆ ಉಚ್ಚೆ ಹೊಯ್ಯುತ್ತದೆ. ಲಸಿಕೆಗಳು ಮುಗಿಯುವ ತನಕ ಅದನ್ನು ಬೀದಿಯಲ್ಲಿ ಅಡ್ಡಾಡಿಸುವಂತಿಲ್ಲ, ಪಾರ್ವೋ ಕಾಯಿಲೆ ತಗುಲಿದರೆ ಎರಡು ಮೂರು ದಿನದಲ್ಲೇ ಮರಿ ಕೈಬಿಟ್ಟು ಹೋಗಬಹುದು. ಅಲ್ಲಿಯವರೆಗೆ ನೆಲ ಒರೆಸುವವರು ಯಾರು? ಮೊದಲು ಅತ್ತೆಯವರ ಜೊತೆ ಕೂತು ಮಾತಾಡಿ. ಅವರು ಬೇಡವೆಂದರೆ ಈ ಉತ್ತರವನ್ನು ಮುಂದೆ ಓದುವ ಅಗತ್ಯವೂ ಇಲ್ಲ.

ಎರಡನೆಯದು ಮಕ್ಕಳ ವಯಸ್ಸು. ಏಳರ ಹುಡುಗಿಗೆ ಹೇಳಿದರೆ ತಿಳಿಯುತ್ತದೆ, ಎರಡೂವರೆಯ ಪೋರನಿಗೆ ತಿಳಿಯದು. ಅವನ ಮುಖ ನಾಯಿಯ ಬಾಯಿಯ ಎತ್ತರಕ್ಕೇ ಇರುತ್ತದೆ. ಚಿಕ್ಕ ಮಕ್ಕಳಿಗೆ ಮುಖ, ತಲೆ, ಕುತ್ತಿಗೆಗೆ ಕಡಿತ ಬೀಳುವುದು ಇದರಿಂದಲೇ. ಸಾಕಿದ ನಾಯಿ ಮನೆಯ ಮಗುವನ್ನೇ ಕಚ್ಚಿದ ಪ್ರಕರಣಗಳಲ್ಲಿ ಕಾರಣ ಕೇಳಿದರೆ ಹೆಚ್ಚಾಗಿ ಒಂದೇ ಥರದ ಕಥೆ. ಉಣ್ಣುವಾಗ ತಟ್ಟೆಗೆ ಕೈ ಹಾಕಿತು, ಮಲಗಿದ್ದಾಗ ಮೇಲೆ ಬಿತ್ತು, ಬಾಲ ಎಳೆಯಿತು, ಕುತ್ತಿಗೆ ತಬ್ಬಿತು. ತಬ್ಬುವುದು ನಮಗೆ ಮುದ್ದು, ಎಷ್ಟೋ ನಾಯಿಗಳಿಗೆ ಅದು ಉಸಿರುಗಟ್ಟಿಸುವ ಹಿಡಿತ. ಕಚ್ಚುವ ಮೊದಲು ನಾಯಿ ಸಾಮಾನ್ಯವಾಗಿ ಹೇಳಿಯೇ ಇರುತ್ತದೆ. ಮುಖ ಆಚೆ ತಿರುಗಿಸುತ್ತದೆ, ಸುಮ್ಮಸುಮ್ಮನೆ ತುಟಿ ನೆಕ್ಕಿಕೊಳ್ಳುತ್ತದೆ, ಕಣ್ಣಂಚಿನ ಬಿಳಿ ಕಾಣುವಂತೆ ಓರೆಗಣ್ಣಲ್ಲಿ ನೋಡುತ್ತದೆ, ಮೈ ಸೆಟೆಸಿ ನಿಲ್ಲುತ್ತದೆ. ಆಮೇಲೆ ಗುರ್ ಎನ್ನುತ್ತದೆ. ಗುರ್ ಎಂದದ್ದಕ್ಕೆ ಹೊಡೆಯಬೇಡಿ. ಪೆಟ್ಟು ತಿಂದ ನಾಯಿ ಮುಂದಿನ ಸಲ ಗುರುಗುಟ್ಟದೆ ನೇರವಾಗಿ ಬಾಯಿ ಹಾಕುವುದನ್ನು ಕಲಿಯುತ್ತದೆ. ಯಾವ ತಳಿಯೇ ಇರಲಿ, ಐದಾರು ವರ್ಷ ತುಂಬುವ ತನಕ ಮಗುವನ್ನು ನಾಯಿಯ ಜೊತೆ ಒಂಟಿಯಾಗಿ ಬಿಟ್ಟು ಅಡುಗೆಮನೆಗೆ ಹೋಗಬಾರದು. ಕುಕ್ಕರಿನ ಮೂರು ಸೀಟಿಯಾಗುವಷ್ಟು ಹೊತ್ತಿಗೂ ಬೇಡ.

ಈಗ ತಳಿಗೆ ಬರೋಣ. ಹಸ್ಕಿಯನ್ನು ಮರೆತುಬಿಡಿ. ಸೈಬೀರಿಯಾದ ಹಿಮದಲ್ಲಿ ಜಾರುಬಂಡಿ ಎಳೆಯಲೆಂದು ಬೆಳೆಸಿದ ನಾಯಿ ಅದು, ಮೈಮೇಲೆ ಎರಡು ಪದರ ಕೂದಲು, ಗಂಟೆಗಟ್ಟಲೆ ಓಡದಿದ್ದರೆ ಮನೆಯ ಸೋಫಾಕ್ಕೆ ಉಳಿಗಾಲವಿಲ್ಲ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಸಾಕುವುದು ಯಜಮಾನರ ಫೋಟೋಕ್ಕೆ ಚೆನ್ನ, ನಾಯಿಗಲ್ಲ.

ಪಗ್ ಸ್ವಭಾವಕ್ಕೆ ಬಂಗಾರ. ಮಕ್ಕಳ ಕಾಟ ಅದರಷ್ಟು ಸಹಿಸುವ ನಾಯಿಗಳು ಕಡಿಮೆ. ಹಚ್ ಫೋನಿನ ಜಾಹೀರಾತು ಬಂದ ಮೇಲೆ ಅದು ಊರಿಗೆಲ್ಲ ಬೇಕಾಯಿತು. ಆದರೆ ಮುಖ ಚಪ್ಪಟೆಯಾಗಲೆಂದು ತಲೆಮಾರುಗಳಿಂದ ಕೂಡಿಸಿ ಕೂಡಿಸಿ ಅದರ ಮೂಗಿನ ಹೊಳ್ಳೆ ಸಣ್ಣದಾಗಿದೆ, ಅಂಗುಳು ಉದ್ದವಾಗಿ ಗಂಟಲಿಗೆ ಅಡ್ಡ ಬರುತ್ತದೆ. ಅದು ಗೊರಕೆ ಹೊಡೆಯುತ್ತದೆಂದು ಮನೆಯವರು ನಗುತ್ತಾರೆ. ಪಾಪ, ಅದು ಉಸಿರಿಗೆ ಒದ್ದಾಡುತ್ತಿರುತ್ತದೆ. ಸೆಕೆಯಲ್ಲಿ ಓಡಿಸಿದರೆ ಕುಸಿದು ಬೀಳಬಹುದು, ಉಬ್ಬಿದ ಕಣ್ಣಿಗೆ ಸುಲಭವಾಗಿ ಗಾಯವಾಗುತ್ತದೆ. ಈಗಾಗಲೇ ಮನೆಯಲ್ಲಿರುವ ಪಗ್ಗನ್ನು ಚೆನ್ನಾಗಿ ನೋಡಿಕೊಳ್ಳಿ ಎನ್ನುತ್ತೇನೆ, ಹೊಸದಾಗಿ ಕೊಳ್ಳಿ ಎನ್ನಲಾರೆ.

ನಿಮ್ಮ ಮೈದುನನ ಮಾತಿನಲ್ಲಿ ಹುರುಳಿದೆ, ಆದರೆ ಅರ್ಧ. ಲ್ಯಾಬ್ರಡಾರ್ ಸ್ನೇಹಜೀವಿ, ಕಲಿಸಿದ್ದನ್ನು ಬೇಗ ಕಲಿಯುತ್ತದೆ. ಆದರೆ ಮೊದಲ ಎರಡು ವರ್ಷ ಅದೊಂದು ಸುಂಟರಗಾಳಿ. ಬೆಳೆದರೆ ಮೂವತ್ತು ಕೆ.ಜಿ. ತೂಗುತ್ತದೆ, ಖುಷಿಗೆ ಬಾಲ ಬೀಸಿದರೂ ನಿಮ್ಮ ಮಗ ಉರುಳಿಬಿದ್ದಾನು. ಚೈನು ಎಳೆದರೆ ಅತ್ತೆಯವರೂ. ವರ್ಷವಿಡೀ ಕೂದಲು ಉದುರುತ್ತದೆ. ಹೊಟ್ಟೆಬಾಕತನ ಅದರ ರಕ್ತದಲ್ಲೇ ಇದೆ. ಮಕ್ಕಳು ಹಾಕುವ ಬಿಸ್ಕತ್ತು ತಿಂದು ಬೊಜ್ಜು ಬೆಳೆಸಿಕೊಂಡರೆ ಸೊಂಟದ ಕೀಲು ಮೊದಲು ಸೋಲುತ್ತದೆ. (ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟು ನಾಯಿಗೆ ವಿಷ. ಇದನ್ನು ಮಗಳಿಗೆ ಈಗಲೇ ಹೇಳಿಡಿ.) ಗೋಲ್ಡನ್ ರಿಟ್ರೀವರ್‌ಗೂ ಇದೇ ಮಾತು, ಕೂದಲು ಇನ್ನಷ್ಟು. ಬೀಗಲ್ ಗಾತ್ರಕ್ಕೆ ಸರಿ, ಗಂಟಲು ಮಾತ್ರ ಅಕ್ಕಪಕ್ಕದ ಫ್ಲ್ಯಾಟಿನವರಿಗೆ ಸರಿಹೋಗದು. ಪಾಮೇರಿಯನ್ ಚಿಕ್ಕದಲ್ಲವೇ ಎಂದು ತರುವವರು ಬಹಳ. ಪುಟ್ಟ ನಾಯಿಗೆ ಪುಟ್ಟ ಮಕ್ಕಳೆಂದರೆ ಹೆದರಿಕೆ ಹೆಚ್ಚು, ಹೆದರಿದ ನಾಯಿ ಬೇಗ ಬಾಯಿ ಹಾಕುತ್ತದೆ.

ನನ್ನನ್ನು ಕೇಳಿದರೆ, ಮಗನಿಗೆ ಐದಾಗುವವರೆಗೆ ತಡೆಯಿರಿ. ತಡೆಯಲಾಗದಿದ್ದರೆ ಮರಿ ಬೇಡ, ಎರಡು ಮೂರು ವರ್ಷದ, ಮಕ್ಕಳ ನಡುವೆ ಬೆಳೆದ ನಾಯಿಯೊಂದನ್ನು ದತ್ತು ತನ್ನಿ. ನಾಟಿ ನಾಯಿಯಾದರೂ ಆಗಬಹುದು, ನಮ್ಮ ಹವೆಗೆ ಅದರಷ್ಟು ಒಗ್ಗಿದ್ದು ಬೇರೆಯಿಲ್ಲ. ಬೆಳೆದ ನಾಯಿಯ ಗುಣ ಕಣ್ಣೆದುರಿಗೇ ಇರುತ್ತದೆ, ಮರಿಯದ್ದು ಅದೃಷ್ಟ. ಬೆಂಗಳೂರಿನ ಕ್ಯೂಪಾದಂಥ ಸಂಸ್ಥೆಗಳು ದತ್ತು ಕೊಡುತ್ತವೆ. ಮಕ್ಕಳನ್ನೂ ಅತ್ತೆಯವರನ್ನೂ ಕರೆದುಕೊಂಡು ಒಂದೆರಡು ಸಲ ಹೋಗಿ, ನಾಯಿ ತಾನಾಗಿ ಮಕ್ಕಳ ಹತ್ತಿರ ಬರುತ್ತದೆಯೇ ನೋಡಿ. ಮರಿಯೇ ಬೇಕೆಂದರೆ ತಾಯಿನಾಯಿಯನ್ನು ತೋರಿಸದ ಮಾರಾಟಗಾರನಿಂದ ಕೊಳ್ಳಬೇಡಿ. ಎಂಟು ವಾರಕ್ಕಿಂತ ಚಿಕ್ಕ ಮರಿಯನ್ನು ಮಾರುವುದು 2017ರ ನಿಯಮಗಳ ಪ್ರಕಾರ ತಪ್ಪು. ಬೇಗ ತಾಯಿಯಿಂದ ಅಗಲಿಸಿದ ಮರಿ, ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆಂಬುದನ್ನೇ ಕಲಿತಿರುವುದಿಲ್ಲ.

ಪ್ರಶ್ನೆ: ನಮ್ಮ ನೆಲದ ಮುಧೋಳ ನಾಯಿ ಇರುವಾಗ ಪರದೇಶದ ನಾಯಿ ಯಾಕ್ರಿ ಸರ್? ತ್ವಾಟದ ಮನಿ ಐತಿ, ಎಂಟು ಹತ್ತು ವರ್ಷದ ಮಕ್ಕಳದಾರ.
– ಒಬ್ಬ ರೈತರು, ವಿಜಯಪುರ ಜಿಲ್ಲೆ

ಉತ್ತರ: ನಿಮ್ಮ ಮನೆಗೆ ಆಗಬಹುದು, ಮೇಲಿನ ತಾಯಿಯ ಮನೆಗೆ ಆಗದು. 2005ರಲ್ಲಿ ಅಂಚೆಚೀಟಿ ಏರಿದ, ಸೇನೆಯೂ ತರಬೇತಿಗೆ ತೆಗೆದುಕೊಂಡ ನಾಯಿ ಅದು, ಹೆಮ್ಮೆ ಪಡುವಂಥದ್ದೇ. ಚಿಕ್ಕ ಕೂದಲು, ತೆಳು ಮೈ, ಬಿಸಿಲು ತಡೆಯುತ್ತದೆ. ಆದರೆ ಕಣ್ಣಿಗೆ ಬಿದ್ದದ್ದನ್ನು ಅಟ್ಟುವ ಬೇಟೆನಾಯಿ; ಓಡಲು ಬಯಲು ಬೇಕು, ನಿಮ್ಮ ಕೋಳಿಗಳ ಬಗ್ಗೆ ಎಚ್ಚರವಿರಲಿ. ಬಿಗುಮಾನದ ಪ್ರಾಣಿ, ಕಂಡಕಂಡವರು ಮೈಮುಟ್ಟಿದರೆ ಸೇರದು. ಮರಿಯಿದ್ದಾಗಿನಿಂದಲೇ ಮಕ್ಕಳು, ಆಳುಗಳು, ಬಂದುಹೋಗುವವರ ಬಳಕೆ ಮಾಡಿಸಿ. ಹಗಲಿಡೀ ಗೂಟಕ್ಕೆ ಕಟ್ಟಿಹಾಕಿದರೆ ಸಿಡುಕನಾಗುತ್ತದೆ. ಮರಿಗಾಗಿ ಮುಧೋಳದ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ಸಂತೆಯಲ್ಲಿ ಮುಧೋಳದ ಹೆಸರಲ್ಲಿ ಮಾರುವುದೆಲ್ಲ ಮುಧೋಳವಲ್ಲ.

ಪ್ರಶ್ನೆ: ಪಿಟ್‌ಬುಲ್, ರಾಟ್‌ವೈಲರ್ ನಿಷೇಧವಾಗಿದೆಯಂತೆ, ಹೌದೇ?
– ಓದುಗರು, ತುಮಕೂರು

ಉತ್ತರ: ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ 23 ತಳಿಗಳ ಮೇಲೆ ಸುತ್ತೋಲೆ ಹೊರಡಿಸಿತ್ತು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಕಾನೂನು ಏನೇ ಹೇಳಲಿ, ಅಂಬೆಗಾಲಿಡುವ ಮಗುವಿರುವ ಮನೆಗೆ, ಮೊದಲ ಸಲ ನಾಯಿ ಸಾಕುವವರಿಗೆ ನಾನು ಇವನ್ನು ಸೂಚಿಸುವುದಿಲ್ಲ. ಅವೆಲ್ಲ ಕೆಟ್ಟ ನಾಯಿಗಳೆಂದಲ್ಲ. ತಪ್ಪಿ ಒಂದೇ ಸಲ ಕಚ್ಚಿದರೂ ಆಗುವ ಹಾನಿ ದೊಡ್ಡದು.

ಪ್ರಶ್ನೆ: ಮಗನಿಗೆ ವೀಸಿಂಗ್ ಇದೆ. ಪೂಡಲ್‌ನಿಂದ ಅಲರ್ಜಿ ಬರುವುದಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ.
– ಒಬ್ಬ ತಂದೆ, ಮಂಗಳೂರು

ಉತ್ತರ: ಅಲರ್ಜಿ ತರುವುದು ಕೂದಲಲ್ಲ, ನಾಯಿಯ ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನು. ಅದು ಎಲ್ಲ ತಳಿಗಳಲ್ಲೂ ಇರುತ್ತದೆ. ಕೂದಲು ಕಡಿಮೆ ಉದುರಿದರೆ ಮನೆ ಗುಡಿಸುವುದು ಸುಲಭ, ಅಷ್ಟೇ. ಮೊದಲು ಮಗುವಿನ ಡಾಕ್ಟರನ್ನು ಕೇಳಿ. ಅವರು ಸರಿ ಎಂದ ಮೇಲೆ, ನಾಯಿ ಸಾಕಿರುವ ನೆಂಟರ ಮನೆಯಲ್ಲಿ ಮಗನನ್ನು ಕೆಲವು ಸಲ ಒಂದೆರಡು ಗಂಟೆ ಇರಿಸಿ ನೋಡಿ, ಇನ್‌ಹೇಲರ್ ಕೈಯಲ್ಲಿರಲಿ. ತಂದ ಮೇಲೆ ಉಬ್ಬಸ ಹೆಚ್ಚಾಗಿ ನಾಯಿಯನ್ನು ಹಿಂದಿರುಗಿಸುವುದು ಮಗುವಿಗೂ ನಾಯಿಗೂ ಸಂಕಟ.

ಪ್ರಶ್ನೆ: ಮನೆಗೆ ತಂದ ಎರಡು ತಿಂಗಳ ಮರಿ ಆಟವಾಡುತ್ತ ಮಗಳ ಕೈಗೆ ಹಲ್ಲು ಊರಿತು, ಸ್ವಲ್ಪ ರಕ್ತ ಬಂತು. ಅರಿಶಿನ ಹಚ್ಚಿದ್ದೇವೆ. ಮರಿ ತಾನೇ, ಇಂಜೆಕ್ಷನ್ ಬೇಕೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಬೇಕು, ಇವತ್ತೇ. ಈ ಪತ್ರಕ್ಕೆ ನಾನು ಪತ್ರಿಕೆಗೆ ಮೊದಲು ಫೋನಿನಲ್ಲೇ ಉತ್ತರ ಕೊಟ್ಟಾಗಿದೆ; ಬೇರೆಯವರಿಗೂ ತಿಳಿಯಲೆಂದು ಇಲ್ಲಿ ಬರೆಯುತ್ತಿದ್ದೇನೆ. ಮರಿಗೆ ರೇಬೀಸ್ ಲಸಿಕೆ ಹಾಕುವುದೇ ಮೂರು ತಿಂಗಳಿಗೆ. ಎರಡು ತಿಂಗಳ ಮರಿಗೆ ಆ ರಕ್ಷಣೆ ಇರುವುದಿಲ್ಲ, ರೇಬೀಸ್ ಮರಿಗಳಿಗೂ ಬರುತ್ತದೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನನ್ನು ಉಳಿಸುವ ಔಷಧಿಯಿಲ್ಲ. ಗಾಯವನ್ನು ಹರಿಯುವ ನೀರು ಮತ್ತು ಸೋಪಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ, ಕಾಫಿಪುಡಿ ಯಾವುದೂ ಬೇಡ, ಬ್ಯಾಂಡೇಜೂ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುವ ಕಾಲ ಹೋಯಿತು, ಈಗ ಚರ್ಮದೊಳಗೆ 0, 3, 7 ಮತ್ತು 28ನೇ ದಿನ. ರಕ್ತ ಬಂದಿದ್ದರಿಂದ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಕೂಡ ಹಾಕಬೇಕು; ಅವರು ಮರೆತರೆ ನೀವೇ ಕೇಳಿ. ಮರಿಯನ್ನು ಹತ್ತು ದಿನ ಕಣ್ಣಳತೆಯಲ್ಲಿಡಿ, ಆದರೆ ಆ ಹತ್ತು ದಿನ ಕಾದು ನೋಡಿ ಆಮೇಲೆ ಇಂಜೆಕ್ಷನ್ ಎನ್ನಬೇಡಿ. ಮರಿಗೆ ಜಂತುಹುಳುವಿನ ಔಷಧವನ್ನೂ ಕೊಡಿಸಿ, ಅದರ ಹುಳು ಮಕ್ಕಳ ಹೊಟ್ಟೆಗೂ ಸೇರುತ್ತದೆ. ಆಸ್ಪತ್ರೆಯವರು ಕೊಟ್ಟ ಚೀಟಿಯನ್ನು ಜೋಪಾನವಾಗಿಡಿ. ಮುಂದೆಂದಾದರೂ ನಾಯಿ ಕಚ್ಚಿದರೆ ಆ ಚೀಟಿ ನೋಡಿ 0 ಮತ್ತು 3ನೇ ದಿನ ಎರಡೇ ಇಂಜೆಕ್ಷನ್‌ನಲ್ಲಿ ಮುಗಿಸುತ್ತಾರೆ.