ಮುಗಿಯದ ಉಪಕಥೆ, ಕೆಡುವ ನಿದ್ದೆ

"ಅವ್ವಾ, ಇದೊಂದು ಕ್ವೆಸ್ಟ್ ಮುಗಿಸಿ ಮಲಗ್ತೀನಿ." ಹರೆಯದ ಮಕ್ಕಳಿರುವ ಮನೆಗಳಲ್ಲಿ ರಾತ್ರಿ ಹತ್ತರ ಮೇಲೆ ಈ ಮಾತು ಈಗ ಸಾಮಾನ್ಯ. ನಮ್ಮ ತಂಬ್ರಹಳ್ಳಿಯಂಥ ಊರೂ ಇದಕ್ಕೆ ಹೊರತಲ್ಲ. ಬೆಳಗಾದರೆ ತಲೆನೋವು, ಕಣ್ಣುರಿ, ತರಗತಿಯಲ್ಲಿ ತೂಕಡಿಕೆ. "ಹುಡುಗ ಸೊರಗ್ಯಾನ, ಶಕ್ತಿಗೆ ಒಂದು ಟಾನಿಕ್ ಬರದುಕೊಡ್ರಿ" ಎಂದು ಪಾಲಕರು ಕೇಳುತ್ತಾರೆ. ರಕ್ತಹೀನತೆ, ದೃಷ್ಟಿದೋಷ ಮುಂತಾದ ಕಾರಣಗಳಿವೆಯೇ ಎಂದು ಮೊದಲು ಪರೀಕ್ಷಿಸಬೇಕು, ನಿಜ. ಅವು ಇಲ್ಲವೆಂದಾದರೆ ಟಾನಿಕ್‌ನಿಂದ ಪ್ರಯೋಜನವಿಲ್ಲ. ಮಗು ಎಷ್ಟು ಗಂಟೆಗೆ ಮಲಗುತ್ತದೆ ಎಂಬುದನ್ನು ವಿಚಾರಿಸಬೇಕು.

ಸೈಡ್ ಕ್ವೆಸ್ಟ್ ಎಂದರೇನು?

ಕೆಲವು ವಿಡಿಯೋ ಆಟಗಳಲ್ಲಿ ಆಡುವವನೇ ಕಥೆಯ ನಾಯಕ. ಕತ್ತಿ ಹಿಡಿದು ಮಾಯಾಲೋಕದಲ್ಲಿ ಸಂಚರಿಸುತ್ತಾನೆ. ಮುಖ್ಯ ಕಥೆ ಒಂದಿರುತ್ತದೆ. ದಾರಿಯಲ್ಲಿ ಸಿಗುವವರು ಒಪ್ಪಿಸುವ, ಮಾಡಿದರೂ ಸರಿ ಬಿಟ್ಟರೂ ಸರಿ ಎಂಬಂಥ ಸಣ್ಣ ಕೆಲಸಗಳೇ ಸೈಡ್ ಕ್ವೆಸ್ಟ್. ಮಹಾಭಾರತದ ಉಪಕಥೆಗಳಂತೆ ಎಂದುಕೊಳ್ಳಿ. 2015ರಲ್ಲಿ ಬಂದ ಪೋಲೆಂಡ್ ದೇಶದ 'ದಿ ವಿಚರ್ 3' ಆಟದಲ್ಲಿ ನಾಯಕ ಹೊರಟಿರುವುದು ಸಾಕುಮಗಳನ್ನು ಹುಡುಕಲು. ನಡುವೆ ಒಬ್ಬ ಅಜ್ಜಿ ತನ್ನ ಬಾಣಲೆ ತಂದುಕೊಡು ಎಂದು ಕೇಳುತ್ತಾಳೆ! ಕೆಲಸ ಮುಗಿದರೆ ಬಹುಮಾನ, ಪಟ್ಟಿಯಲ್ಲಿ ಒಂದು ಗುರುತು.

ಇಂಥ ಆಟವೇ ಕೆಟ್ಟದ್ದೆಂದು ತಿಳಿಯಬೇಡಿ. ಸುಳಿವು ಹುಡುಕುವುದು, ಯೋಜಿಸುವುದು, ಹಿಡಿದ ಕೆಲಸ ಮುಗಿಸುವುದು ಇವೆಲ್ಲ ಮನಸ್ಸಿಗೆ ಹಿತವಾದ ಸಂಗತಿಗಳೇ. ತೊಂದರೆ ಇರುವುದು ನಿಲ್ಲಿಸುವುದರಲ್ಲಿ.

ನಿಲ್ಲಿಸುವುದು ಏಕೆ ಕಷ್ಟ?

ನಮ್ಮ ಕಡೆಯ ಬಯಲಾಟ ರಾತ್ರಿಯಿಡೀ ನಡೆದರೂ ಬೆಳಗಿಗೆ ಮಂಗಳ ಹಾಡಿ ಮುಗಿಯುತ್ತದೆ. ಅದೂ ವರ್ಷಕ್ಕೆ ಒಂದೆರಡು ರಾತ್ರಿಯ ಮಾತು. ಈ ಆಟಗಳಲ್ಲಿ ಮಂಗಳ ಹಾಡುವವರಿಲ್ಲ. ಒಂದು ಉಪಕಥೆ ಮುಗಿಯುವ ಮೊದಲೇ ಇನ್ನೆರಡು ಎದುರಾಗಿರುತ್ತವೆ. ಅರ್ಧಕ್ಕೆ ನಿಂತ ಕೆಲಸವನ್ನು ಮನುಷ್ಯ, ಯಾರೂ ಹೇಳದಿದ್ದರೂ, ತಾನಾಗಿ ಮತ್ತೆ ಕೈಗೆತ್ತಿಕೊಳ್ಳಲು ಹಾತೊರೆಯುತ್ತಾನೆ ಎಂಬುದನ್ನು ಮನೋವಿಜ್ಞಾನಿ ಮಾರಿಯಾ ಓವ್ಸಿಯಾಂಕಿನಾ 1928ರಲ್ಲೇ ಪ್ರಕಟಿಸಿದ್ದರು. ಉದ್ದನೆಯ ಪಟ್ಟಿಯೆಂದರೆ ಅರ್ಧಕ್ಕೆ ನಿಂತ ಕೆಲಸಗಳ ರಾಶಿಯೇ ಅಲ್ಲವೇ?

ಇನ್ನೊಂದು ಉದಾಹರಣೆ ನೋಡಿ. 2020ರಲ್ಲಿ ಬಂದ 'ಗೆನ್‌ಶಿನ್ ಇಂಪ್ಯಾಕ್ಟ್' ಮೊಬೈಲ್‌ನಲ್ಲೂ ಆಡಬಹುದಾದ ಆಟ. ಅದರಲ್ಲಿ ಕಥೆಯ ಜೊತೆಗೆ ದಿನಕ್ಕೆ ನಾಲ್ಕು ಸಣ್ಣ ಕೆಲಸಗಳು. ಆಯಾ ದಿನವೇ ಮುಗಿಸದಿದ್ದರೆ ಅಂದಿನ ಬಹುಮಾನ ಹೋಯಿತು. ಏಷ್ಯಾ ವಿಭಾಗಕ್ಕೆ 'ದಿನ' ಬದಲಾಗುವುದು ನಮ್ಮ ಗಡಿಯಾರದ ರಾತ್ರಿ 1.30ಕ್ಕೆ. ಶಾಲೆಗೆ ಹೋಗುವ ಮಗು ಗಾಢ ನಿದ್ದೆಯಲ್ಲಿರಬೇಕಾದ ಹೊತ್ತು ಅದು.

ದೇಹಕ್ಕೆ ಆಗುವುದೇನು?

ಮೊದಲ ಪೆಟ್ಟು ನಿದ್ದೆಗೆ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಪರದೆಯ ಬೆಳಕು ನಿದ್ದೆ ತರುವ ಮೆಲಟೋನಿನ್ ಹಾರ್ಮೋನನ್ನು ತಡೆಯುತ್ತದೆ. ಆಟದ ಉದ್ವೇಗ ಅದಕ್ಕೆ ಸೇರುತ್ತದೆ. ನಿದ್ದೆಗೆಟ್ಟ ಮಗುವಿಗೆ ಓದಿದ್ದು ನೆನಪಿನಲ್ಲಿ ಉಳಿಯದು, ಸಿಟ್ಟು ಬೇಗ ಬರುತ್ತದೆ.

ಎರಡನೆಯದು ಕಣ್ಣು. ಪರದೆ ದಿಟ್ಟಿಸುವಾಗ ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗಿ ಉರಿಯುತ್ತದೆ. ಮೂರನೆಯದು ಕುತ್ತಿಗೆ ಮತ್ತು ಹೆಬ್ಬೆರಳಿನ ಬುಡದ ನೋವು.

ಪಾಲಕರು ಏನು ಮಾಡಬೇಕು?

1. ಸಮಯದ ಜೊತೆಗೆ ಕಥೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. "ಊಟಕ್ಕೆ ಮೊದಲು ಒಂದು ಕ್ವೆಸ್ಟ್, ಎಂಟೂವರೆಯ ನಂತರ ಹೊಸದು ಬೇಡ" ಎಂದು ಮಗುವಿನೊಡನೆ ಮೊದಲೇ ಮಾತಾಡಿ ಗೊತ್ತುಮಾಡಿ. ನಡುವೆ ಮೊಬೈಲ್ ಕಿತ್ತುಕೊಂಡರೆ ಜಗಳ ಖಚಿತ, ಅರ್ಧಕ್ಕೆ ನಿಂತ ಆಟದ ಸೆಳೆತವೂ ಉಳಿಯುತ್ತದೆ. ಹತ್ತು ನಿಮಿಷ ಮೊದಲು ಎಚ್ಚರಿಸಿ.

2. ಮಲಗುವ ಒಂದು ಗಂಟೆ ಮೊದಲು ಪರದೆ ಬಂದ್. ಮೊಬೈಲ್ ರಾತ್ರಿ ಪಡಸಾಲೆಯಲ್ಲಿ ಚಾರ್ಜ್ ಆಗಲಿ, ದಿಂಬಿನ ಪಕ್ಕದಲ್ಲಿ ಬೇಡ. ಈ ನಿಯಮ ತಂದೆ ತಾಯಿಗೂ ಅನ್ವಯಿಸಲಿ. ನೀವು ಹಾಸಿಗೆಯಲ್ಲಿ ವಿಡಿಯೋ ನೋಡುತ್ತಾ ಮಗುವಿಗೆ ಬುದ್ಧಿ ಹೇಳಿದರೆ ಅದು ಕಿವಿಗೆ ಹೋಗದು.

3. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಲಿ.

4. ದಿನಕ್ಕೆ ಎರಡು ಗಂಟೆ ಬಯಲಿನ ಬೆಳಕಿನಲ್ಲಿರುವುದು ಸಮೀಪದೃಷ್ಟಿ ದೋಷ ಬಾರದಂತೆ ತಡೆಯಲು ನೆರವಾಗುತ್ತದೆ. ರಜೆಯಲ್ಲಿ ಅಂಕಸಮುದ್ರದ ಕೆರೆಗೆ ಕರೆದೊಯ್ಯಿರಿ. ಅಲ್ಲಿನ ಪಕ್ಷಿಧಾಮ 2024ರಲ್ಲಿ ಅಂತರರಾಷ್ಟ್ರೀಯ ರಾಮ್‌ಸರ್ ಪಟ್ಟಿಗೆ ಸೇರಿದೆ.

5. ಆಟದ ಕಥೆ ಏನೆಂದು ಮಗುವನ್ನೇ ಕೇಳಿ. ಆಸಕ್ತಿಯಿಂದ ಕೇಳುವ ಪಾಲಕರ ಮಾತನ್ನು ಮಕ್ಕಳೂ ಕೇಳುತ್ತಾರೆ.

ಚಟ ಎನ್ನುವುದು ಯಾವಾಗ?

ಹೆಚ್ಚು ಆಡುವ ಮಕ್ಕಳೆಲ್ಲ ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ, 2022ರ ಜನವರಿಯಿಂದ ಜಾರಿಗೆ ಬಂದ ರೋಗಗಳ ವರ್ಗೀಕರಣದಲ್ಲಿ 'ಗೇಮಿಂಗ್ ಡಿಸಾರ್ಡರ್' ಸೇರಿದೆ. ಅದರ ಲಕ್ಷಣಗಳು ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಊಟ, ಓದು, ಗೆಳೆಯರಿಗಿಂತ ಆಟವೇ ಮುಖ್ಯವಾಗುವುದು, ಹಾನಿ ಕಾಣುತ್ತಿದ್ದರೂ ಮುಂದುವರಿಸುವುದು. ಇದರಿಂದ ಓದು, ಸಂಸಾರದ ಬದುಕು ಕೆಟ್ಟು, ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಹೀಗೇ ನಡೆದಿದ್ದರೆ ಮಾತ್ರ ಆ ಹೆಸರು.

ಅಲ್ಲಿಯವರೆಗೆ ಕಾಯಬೇಕೆಂದು ಇದರ ಅರ್ಥವಲ್ಲ. ಮಗು ಶಾಲೆ ತಪ್ಪಿಸುತ್ತಿದ್ದರೆ, ಊಟ ಬಿಡುತ್ತಿದ್ದರೆ, ಮೊಬೈಲ್ ಕೊಡದಿದ್ದಾಗ ಕೈಮಾಡುವ ಮಟ್ಟಕ್ಕೆ ಹೋದರೆ, ಸಾಯುವ ಮಾತಾಡಿದರೆ ತಡಮಾಡದೆ ವೈದ್ಯರನ್ನು ಕಾಣಿ. ಕೆಲವೊಮ್ಮೆ ಆಟದ ಹಿಂದೆ ಖಿನ್ನತೆ, ಪರೀಕ್ಷೆಯ ಭಯ, ಶಾಲೆಯಲ್ಲಿನ ಕಿರುಕುಳ ಅಡಗಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ 'ಶಟ್ ಕ್ಲಿನಿಕ್' ಆರಂಭಿಸಿತು. ಅಷ್ಟು ದೂರ ಹೋಗಲಾಗದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ಸಂಕೋಚ ಬೇಡ.