ಆಗಮನದ ನೆನಪು ಮತ್ತು ಹೆಸರಿನ ರಾಜಕಾರಣ: ಟ್ರಿನಿಡಾಡ್‌ನ ಭಾರತೀಯ ಆಗಮನ ದಿನಾಚರಣೆ

ವಲಸೆ ಸಮುದಾಯಗಳ ಸಾರ್ವಜನಿಕ ಆಚರಣೆಗಳನ್ನು ತಾಯ್ನಾಡಿನ ಹಂಬಲದ ಅಭಿವ್ಯಕ್ತಿಗಳೆಂದು ಓದುವ ಕ್ರಮ ರೂಢಿಯಲ್ಲಿದೆ. ಕೆರಿಬಿಯನ್ ದ್ವೀಪರಾಷ್ಟ್ರವಾದ ಟ್ರಿನಿಡಾಡ್ ಮತ್ತು ಟೊಬ್ಯಾಗೊದಲ್ಲಿ ಪ್ರತಿವರ್ಷ ಮೇ 30ರಂದು ನಡೆಯುವ ‘ಭಾರತೀಯ ಆಗಮನ ದಿನ’ವು ಈ ಗ್ರಹಿಕೆಯನ್ನು ಮರುಪರಿಶೀಲನೆಗೆ ಒಡ್ಡುತ್ತದೆ. ಈ ದಿನದ ಹೆಸರಿನಲ್ಲಿರುವುದು ನಿರ್ಗಮನವಲ್ಲ, ಆಗಮನ. ಆ ಆಯ್ಕೆಯ ಅರ್ಥವನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ.

ಬ್ರಿಟಿಷ್ ವಸಾಹತುಗಳಲ್ಲಿ 1834ರಲ್ಲಿ ಗುಲಾಮಗಿರಿ ನಿಷೇಧವು ಜಾರಿಗೆ ಬಂದು, 1838ರಲ್ಲಿ ಪೂರ್ಣ ವಿಮೋಚನೆ ದೊರೆತ ಮೇಲೆ ಕಬ್ಬಿನ ತೋಟಗಳ ಮಾಲೀಕರು ಅಗ್ಗದ ದುಡಿಮೆಯನ್ನು ಅರಸಿದರು. ಕಲ್ಕತ್ತೆಯಿಂದ ಹೊರಟ ‘ಫತೇಲ್ ರಜಾಕ್’ ಹಡಗು ಸುಮಾರು 225 ಜನರೊಂದಿಗೆ 1845ರ ಮೇ 30ರಂದು ಟ್ರಿನಿಡಾಡನ್ನು ತಲುಪಿತು. 1917ರವರೆಗೆ ಸುಮಾರು 1,43,000 ಭಾರತೀಯರು ಕರಾರು ಕೂಲಿಗಳಾಗಿ ಬಂದರು. ಇವರಲ್ಲಿ ಬಹುಪಾಲು ಜನ ಇಂದಿನ ಉತ್ತರ ಪ್ರದೇಶ ಹಾಗೂ ಬಿಹಾರದ ಸೀಮೆಯವರು. ಮದರಾಸು ಬಂದರಿನಿಂದ ಹೊರಟವರೂ ಇದ್ದರು. ಒಂದೇ ಹಡಗಿನಲ್ಲಿ ಬಂದವರ ನಡುವೆ ಬೆಳೆದ ‘ಜಹಾಜಿ ಭಾಯಿ’ ಸಂಬಂಧವು ಜಾತಿಯ ಗಡಿಗಳನ್ನು ಸಡಿಲಿಸಿ ಹೊಸದೊಂದು ಬಂಧುತ್ವವನ್ನು ಕಟ್ಟಿತು.

ಆಚರಣೆಯ ಸ್ವರೂಪದಲ್ಲಿಯೂ ಈ ಹೊಸತನ ಕಾಣುತ್ತದೆ. ಕಡಲತೀರದಲ್ಲಿ ಪೂರ್ವಜರು ಬಂದಿಳಿದ ಸನ್ನಿವೇಶವನ್ನು ಅಭಿನಯಿಸಲಾಗುತ್ತದೆ. ತಾಸೆಯ ಮೇಳ, ಹಾಡು, ಕುಣಿತಗಳು ಜೊತೆಗೂಡುತ್ತವೆ. ಮೊಹರಂ ಮೆರವಣಿಗೆಯಲ್ಲೂ ಹಿಂದೂ ಮದುವೆಗಳಲ್ಲೂ ತಾಸೆ ಬಳಕೆಯಲ್ಲಿದೆ. ಭೋಜಪುರಿ ಇಂದು ದೈನಂದಿನ ಮಾತಾಗಿ ಬಹುಮಟ್ಟಿಗೆ ಮರೆಯಾಗಿದ್ದರೂ ‘ಆಜಾ’, ‘ನಾನಿ’ ಮೊದಲಾದ ಬಂಧುವಾಚಕಗಳಲ್ಲಿಯೂ ಚಟ್ನಿ ಸಂಗೀತದಲ್ಲಿಯೂ ಉಳಿದಿದೆ. ಭಾಷೆಯನ್ನು ಕಳೆದುಕೊಂಡ ಸಮುದಾಯಕ್ಕೆ ಆಚರಣೆಯೇ ನೆನಪಿನ ಭಾಷೆಯಾಗಿದೆ.

1990ರ ದಶಕದ ಮಧ್ಯದಲ್ಲಿ ಸರ್ಕಾರವು ಈ ದಿನವನ್ನು ಸಾರ್ವಜನಿಕ ರಜೆಯಾಗಿಸಿದಾಗ ಅದಕ್ಕೆ ‘ಆಗಮನ ದಿನ’ವೆಂದಷ್ಟೇ ಹೆಸರಿತ್ತು, ‘ಭಾರತೀಯ’ ಎಂಬ ವಿಶೇಷಣವು ಆನಂತರ ಸೇರಿತು. ಈ ಒಂದು ಪದದಲ್ಲಿ ಎರಡು ನಿಲುವುಗಳ ಸಂಘರ್ಷವಿದೆ. ಎಲ್ಲರೂ ಎಲ್ಲಿಂದಲೋ ಬಂದವರೇ ಆಗಿರುವಾಗ ಒಂದೇ ಸಮುದಾಯದ ಹೆಸರು ರಾಷ್ಟ್ರೀಯ ಐಕ್ಯವನ್ನು ಒಡೆಯುತ್ತದೆ ಎಂಬುದು ಒಂದು ವಾದ. ವಿಶೇಷಣವಿಲ್ಲದ ಆಗಮನದಲ್ಲಿ ತೋಟದೊಡೆಯನ ಪ್ರಯಾಣವೂ ಕೂಲಿಯ ಪ್ರಯಾಣವೂ ಒಂದೇ ಆಗಿ, ಕರಾರಿನ ಚರಿತ್ರೆ ಕರಗಿಹೋಗುತ್ತದೆ ಎಂಬುದು ಇನ್ನೊಂದು. ಆಫ್ರಿಕನ್ ಮೂಲದವರ ಚರಿತ್ರೆಯನ್ನು ನೆನೆಯುವ ಆಗಸ್ಟ್ 1ರ ವಿಮೋಚನಾ ದಿನವು 1985ರಿಂದ ರಜೆಯಾಗಿದೆ. ಒಬ್ಬರು ಬಿಡುಗಡೆಯನ್ನೂ ಇನ್ನೊಬ್ಬರು ಆಗಮನವನ್ನೂ ನೆನೆಯುವ ಈ ಎರಡು ದಿನಗಳನ್ನು ಜೊತೆಯಾಗಿಟ್ಟು ಓದಿದಾಗಲೇ ಹೆಸರಿನ ತೂಕ ಅರಿವಾಗುತ್ತದೆ.

ಆದರೆ ಆಗಮನದ ಸಂಭ್ರಮಕ್ಕೆ ತನ್ನದೇ ಮಿತಿಯೂ ಇದೆ. 1884ರಲ್ಲಿ ಸ್ಯಾನ್ ಫರ್ನಾಂಡೊ ಪರಿಸರದಲ್ಲಿ ನಿರ್ಬಂಧವನ್ನು ಮೀರಿ ಹೊರಟ ಮೊಹರಂ ಮೆರವಣಿಗೆಯ ಮೇಲೆ ವಸಾಹತು ಆಡಳಿತವು ಗುಂಡು ಹಾರಿಸಿತು. ಹಲವು ಕೂಲಿಗಳು ಸತ್ತರು. ಇಂದು ರಜೆಯ ಮನ್ನಣೆ ಪಡೆದ ಸಮುದಾಯಕ್ಕೆ ಅಂದು ಬೀದಿಯ ಹಕ್ಕೂ ಇರಲಿಲ್ಲ. ಅಲ್ಲದೆ, ಯಾರ ಆಗಮನಕ್ಕೂ ಮೊದಲೇ ಅಲ್ಲಿದ್ದ ಮೂಲನಿವಾಸಿಗಳನ್ನು ‘ಆಗಮನ’ವೆಂಬ ಪರಿಕಲ್ಪನೆಯು ಒಳಗೊಳ್ಳಲಾರದು.

ಹೀಗೆ ಈ ದಿನಾಚರಣೆಯು ಸಮುದಾಯವೊಂದು ತನ್ನ ಹಕ್ಕನ್ನು ಮಂಡಿಸುವ ಸಾಂಸ್ಕೃತಿಕ ಪಠ್ಯವಾಗಿದೆ. ಕನ್ನಡದ ವಲಸೆ ಅಧ್ಯಯನಗಳು ಅನಿವಾಸಿ ಹಬ್ಬಗಳನ್ನು ಪರಿಶೀಲಿಸುವಾಗ ಪ್ರದರ್ಶನದ ವಿವರಗಳ ಜೊತೆಗೆ ಹಬ್ಬದ ಹೆಸರನ್ನು ಯಾರು ಇಟ್ಟರು, ಅದು ಯಾರನ್ನು ಹೊರಗಿಟ್ಟಿತು ಎಂಬುದನ್ನೂ ಕೇಳಬೇಕಾಗುತ್ತದೆ.